ಮೊಣಕೈಗೆ ಒಂದು ಹನಿ

ತಲೆ ನರೆತರೆ ಯಾರೂ ಸಾಯುವುದಿಲ್ಲ. ಆದರೂ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿ ಆ ವರ್ಷ ಬಿಳಿ ಕೂದಲು ಕಂಡರೆ ಗಂಡಸರ ಎದೆ ನಡುಗುತ್ತಿತ್ತು. ಬಣ್ಣದ ಖಾತೆಯಲ್ಲಿ ಅರ್ಧ ಜನರನ್ನು ತೆಗೆಯುತ್ತಾರಂತೆ, ಸೋಮವಾರ ಮ್ಯಾನೇಜರ್ ಒಬ್ಬೊಬ್ಬರನ್ನೇ ನೋಡಿ ಆರಿಸುತ್ತಾರಂತೆ ಎಂದು ಸುದ್ದಿ ಬಂತು. ಮುದುಕರಿಗೆ ಮೊದಲು ಕತ್ತರಿ ಎನ್ನುವುದನ್ನು ಜನ ತಾವೇ ಸೇರಿಸಿಕೊಂಡರು.

ಏಕಾಂತಪ್ಪನಿಗೆ ನಲವತ್ತೆರಡು ವರ್ಷ. ಅದರಲ್ಲಿ ಹದಿನೆಂಟು ವರ್ಷ ನೂಲಿಗೆ ಬಣ್ಣ ಹಾಕಿದವನು. ತಲೆ ಮಾತ್ರ ಪೂರಾ ಬೆಳ್ಳಗಾಗಿತ್ತು. ಶನಿವಾರ ಸಂಜೆ ಬಜಾರಿನಲ್ಲಿ ಕೂದಲಿಗೆ ಹಚ್ಚುವ ಕರಿ ಪುಡಿಯ ಪೊಟ್ಟಣ ಕೊಂಡು ಬರುವಾಗ, ಕ್ಷೌರದಂಗಡಿಯ ಹಿರಿಯ ಬಡೇಸಾಬ್ ಕರೆದ.

"ಏಕಾಂತಪ್ಪಾ, ಪುಡಿ ಕಲಸಿ ಮೊದ್ಲು ಮೊಣಕೈ ಒಳಗಡೆ ಒಂದು ಹನಿ ಹಚ್ಚಿ ಎರಡು ದಿನ ನೋಡು. ಕೆರೆತ ಬಂದ್ರೆ ತಲೆಗೆ ಬ್ಯಾಡ. ಮಿಲ್ಲಿನ ಬಣ್ಣಕ್ಕೇ ನಿನ್ನ ಕೈ ಕೆರೀತಾವೆ. ನಂಗೆ ಹೆದರಿಕೆ ಐತೆ."

"ಎರಡು ದಿನ ಎಲ್ಲೈತೆ ಸಾಬ್ರೆ? ಸೋಮವಾರನೇ ಆರಿಸ್ತಾರೆ. ಅಲ್ರೀ, ಬಣ್ಣದ ವಿಷ್ಯ ನಂಗೇ ಹೇಳ್ತೀರಾ? ಮೀನಿಗೆ ಈಜು ಕಲಿಸಿದಂಗಾತು!"

ಭಾನುವಾರ ಬೆಳಿಗ್ಗೆ ಹೆಂಡತಿ ನಾಗಕ್ಕ ಪುಡಿ ಕಲಸಿ ಕೊಟ್ಟಳು. ತಲೆಗೆ ಹಚ್ಚಿದ, ಮೀಸೆಗೆ ಹಚ್ಚಿದ, ಹುಬ್ಬನ್ನೂ ಬಿಡಲಿಲ್ಲ. ಮೇಲೆ ಒದ್ದೆ ಬಟ್ಟೆ ಬಿಗಿದು ಕೂತ.

"ಅರ್ಧ ಗಂಟೆ ಸಾಕು ಅಂತ ಪೊಟ್ಟಣದ ಮ್ಯಾಲೆ ಐತೆ ಅಂದ್ರಲ್ರೀ, ತೊಳೀರಿ."

"ನೂಲು ನೆಂದಷ್ಟೂ ಬಣ್ಣ ಗಟ್ಟಿ ಕಣೇ. ಕೂದ್ಲೂ ಹಂಗೇ."

ಮಧ್ಯಾಹ್ನದ ಹೊತ್ತಿಗೆ ನೆತ್ತಿ ಉರಿಯಿತು. ನಾಗಕ್ಕ ನೀರಿನ ಚೊಂಬು ಹಿಡಿದು ಬೇಡಿಕೊಂಡಳು. "ಬಣ್ಣ ಹಿಡೀತಾ ಐತೆ, ಸುಮ್ನಿರು" ಎಂದ ಪುಣ್ಯಾತ್ಮ. ತೊಳೆದದ್ದು ಸಂಜೆಗೆ.

ಸೋಮವಾರ ಎದ್ದಾಗ ಮುಖ ಬಾತು ಎರಡೂ ಕಣ್ಣು ಮುಚ್ಚಿದ್ದವು. ನಾಗಕ್ಕ ಆಸ್ಪತ್ರೆಗೆ ಹೋಗೋಣ ಎಂದು ಅತ್ತಳು. ಅವನು ಮಿಲ್ಲಿಗೇ ಹೋಗಬೇಕೆಂದ. ಕೊನೆಗೆ ಅವಳೇ ಕೈ ಹಿಡಿದು ನಡೆಸಿಕೊಂಡು ಹೋದಳು.

ಮ್ಯಾನೇಜರ್ ಯಾರ ವಯಸ್ಸನ್ನೂ ಕೇಳಲಿಲ್ಲ. ಮೇಜಿನ ಮೇಲೆ ನೀಲಿ ನೂಲಿನ ಎರಡು ಲಡಿ ಇಟ್ಟು, "ಯಾವುದು ಹೆಚ್ಚು ಗಾಢ?" ಎಂದರು. ಅಷ್ಟೇ ಪರೀಕ್ಷೆ. ಬೇರೆ ದಿನವಾಗಿದ್ದರೆ ಏಕಾಂತಪ್ಪ ದೂರದಿಂದಲೇ ಹೇಳುತ್ತಿದ್ದ. ಈಗ ಬೆರಳಿನಿಂದ ರೆಪ್ಪೆ ಬಿಡಿಸಲು ನೋಡಿದ. ನೀರು ಸುರಿಯಿತೇ ಹೊರತು ಏನೂ ಕಾಣಲಿಲ್ಲ.

"ಸಾಹೇಬ್ರೆ, ಕೈಗೆ ಕೊಡ್ರಿ... ಮುಟ್ಟಿ ಹೇಳ್ತೀನಿ."

ಮ್ಯಾನೇಜರ್ ಅವನ ಹೆಸರಿಗೆ ಗೀಟು ಎಳೆದು ಮುಂದಿನವನನ್ನು ಕರೆದರು. ಅವನ ಹಿಂದೆ ನಿಂತಿದ್ದ ಗುತ್ತೆಪ್ಪನ ತಲೆ ಅರಳೆಯಷ್ಟು ಬಿಳುಪು. ಅವನು ನೋಡಿದ ಕೂಡಲೇ ಹೇಳಿದ, ಕೆಲಸ ಉಳಿಸಿಕೊಂಡ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಹನ್ನೆರಡು ದಿನಕ್ಕೆ ಏಕಾಂತಪ್ಪನ ಕಣ್ಣು ತೆರೆದವು. ಮಿಲ್ಲಿನ ಗೇಟು ತೆರೆಯಲಿಲ್ಲ. ಈಗ ನಾಗಕ್ಕ ಕೂಲಿಗೆ ಹೋಗುತ್ತಾಳೆ. "ಮದುವೀ ದಿನಾನೂ ಇವರ ಕೂದ್ಲು ಆ ಸೋಮವಾರದಷ್ಟು ಕಪ್ಪಿರಲಿಲ್ಲ" ಎನ್ನುತ್ತಾಳೆ.

ಏಕಾಂತಪ್ಪ ಬಡೇಸಾಬನ ಅಂಗಡಿಗೆ ಹೋಗಿ ತಲೆ ಬೋಳಿಸಿಕೊಂಡ. ಅಂದಿನಿಂದ ಏಕಾಂತಪ್ಪ ಅಲ್ಲಿನ ಬೆಂಚಿನ ಮೇಲೇ ಕೂತಿರುತ್ತಾನೆ. ಯಾರಾದರೂ ಕರಿ ಪುಡಿಯ ಮಾತೆತ್ತಿದರೆ ಅವರ ಮೊಣಕೈ ಹಿಡಿದು, "ಮೊದ್ಲು ಇಲ್ಲಿ" ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನರೆ ರೋಗವಲ್ಲ. ಹಚ್ಚಲೇಬೇಕೆಂದರೆ ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ, ಎರಡು ದಿನ ಕಾಯಿರಿ. ಕೆರೆತ, ಉರಿ ಕಂಡರೆ ತಲೆಗೆ ಮುಟ್ಟಿಸಲೇಬೇಡಿ. ಹುಬ್ಬಿಗೆ ಎಂದೂ ಬೇಡ. ಪೊಟ್ಟಣದ ಮೇಲೆ ಹೇಳಿದ ಹೊತ್ತಿಗೆ ತೊಳೆಯಿರಿ. ಮುಖ ಬಾತರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕಾಯಲು ಎರಡು ದಿನ ಎಲ್ಲಿದೆ ಎನ್ನುವವರು ಏಕಾಂತಪ್ಪನನ್ನು ಕೇಳಿ ನೋಡಿ. ಅವನಿಗೀಗ ಎಲ್ಲ ದಿನವೂ ಬಿಡುವೇ.