ಸ್ಪೀಕರಿನ ಮೇಲಿನ ಮಂಡಕ್ಕಿ

ಮಂಡಕ್ಕಿ ಕುಣಿಯುತ್ತಿದೆ, ಒಂದೇ ಕಾಳು, ಸ್ಪೀಕರಿನ ಕಪ್ಪು ಬಟ್ಟಲಲ್ಲಿ ಎಗರುತ್ತದೆ, ಬೀಳುತ್ತದೆ, ಮತ್ತೆ ಎಗರುತ್ತದೆ, ಯೂಸುಫ್ ಸಾಬರು ಪೊಟ್ಟಣದಿಂದ ಇನ್ನೊಂದು ಚಿಟಿಕೆ ತೆಗೆದು ಉದುರಿಸಿದರು, ಅವೂ ಕುಣಿದವು, ಬಾಯಲ್ಲಿ ಅರ್ಧ ಮಿರ್ಚಿ ಇಟ್ಟುಕೊಂಡೇ ನನ್ನ ಕಡೆ ತಿರುಗಿ ಏನೋ ಅಂದರು, ತುಂಬಿದ ಬಾಯಿಯ ಮಾತು ನನಗೆ ದಕ್ಕುವುದಿಲ್ಲ, ತುಟಿ ನೆಟ್ಟಗೆ ಕಾಣಬೇಕು — ಏನಂದ್ರಿ ಸಾಬ್ರ? — ನುಂಗಿಕೊಂಡು ಮತ್ತೆ ಅಂದರು, ಈಗ ಹೆಂಗೈತಿ ಗಾದೆಪ್ಪ, ಸೌಂಡು? ಸಣ್ಣಗೈತಿ, ಅಂದೆ. ಸಣ್ಣಗೇ ಇದೆ, ದೇವರಾಣೆ, ಪಕ್ಕದ ಓಣಿಯಲ್ಲಿ ಯಾರೋ ಹಾಡು ಹಚ್ಚಿದಂತಿದೆ, ಮತ್ತೆ ಈ ಮಂಡಕ್ಕಿಗೇನು ಬಂತು ರೋಗ, ಇಷ್ಟು ಸಣ್ಣ ಸದ್ದಿಗೆ ಹೀಗೆ ಹುಚ್ಚು ಹಿಡಿದಂತೆ ಕುಣಿಯಲು? ಆಂಪ್ಲಿಫೈಯರ್ ಮುದಿಯಾಗಿದೆ ಅಂತ ಹೇಳಿಕೊಂಡು ಬಂದವನು ನಾನೇ, ಹೋದ ವರ್ಷ ವಾಲ್ಯೂಮ್ ಹದಿನೈದಕ್ಕೆ ಇಟ್ಟರೆ ಗಾಡಿ ತುಂಬುತ್ತಿದ್ದ ಹಾಡು ಯುಗಾದಿ ಹೊತ್ತಿಗೆ ಇಪ್ಪತ್ತೆರಡಾಯಿತು, ಈಗ ಮೂವತ್ತಕ್ಕೂ ಸಾಲದು, ಅದಕ್ಕೇ ಇವತ್ತು ಸಾಬರ ಅಂಗಡಿ ಮುಂದೆ ನಿಲ್ಲಿಸಿದ್ದು, ಸಾಬರು ನನ್ನ ಸೀಟಿನ ಕೆಳಗಿಂದ ಅದನ್ನು ಬಿಚ್ಚಿ ಹೊರಗಿನ ಮೇಜಿನ ಮೇಲಿಟ್ಟು ತಮ್ಮದೇ ಸ್ಪೀಕರಿಗೆ ವೈರು ಕೊಟ್ಟರು, ಗಾಡ್ಯಾಗಿನ ಸ್ಪೀಕರ್ ಸತ್ತಾವೋ ಆಂಪ್ ಸತ್ತೈತೋ ಈಗ ಗೊತ್ತಾಗ್ತೈತಿ, ಅಂದರು. ಗೊತ್ತಾಗುತ್ತಿದೆ. ಶೈಲಾ ಮೇಡಂ ಗಾಡಿಯಿಂದ ಇಳಿದು ನಿಂತಿದ್ದಾರೆ, ದಿನಾ ನನ್ನ ಗಾಡಿಯಲ್ಲಿ ಶಾಲೆಗೆ ಹೋಗಿಬರುವ ಉಳಿದ ಮೂವರು ಟೀಚರುಗಳನ್ನು ಅವರವರ ಮನೆ ಹತ್ತಿರ ಬಿಟ್ಟಾಗಿದೆ, ಇವರೊಬ್ಬರ ಮನೆ ಇದೇ ಕೊಟ್ಟೂರಿನ ಆ ತುದಿ, ಐದು ನಿಮಿಷ ಮೇಡಂ ಅಂದಿದ್ದೆ, ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡಿದ್ದಾರೆ. ಪಕ್ಕದ ಬೇಕರಿಯವನೂ ತಿರುಗಿ ನೋಡುತ್ತಿದ್ದಾನೆ.

ಸಾಬರು ಗುಂಡಿ ತಿರುವಿ ಕಮ್ಮಿ ಮಾಡಿದರು, ಮೇಡಂ ಕೈ ಇಳಿಸಿದರು, ಕೈ ಒರೆಸಿಕೊಳ್ಳುತ್ತ ಸಾಬರು ನನ್ನೆದುರು ಬಂದು ನಿಂತರು, ತುಟಿ ಚೊಕ್ಕ ಕಾಣುತ್ತಿದೆ ಈಗ, ನೋಡ್ರಿ ಗಾದೆಪ್ಪ, ಆಂಪ್ ಗಟ್ಟಿ ಐತಿ, ಇನ್ನಾ ಹತ್ತು ವರ್ಷ ಬಾಳ್ತೈತಿ, ರಿಪೇರಿ ಮಾಡಾಕ ಇದರಾಗ ಏನೂ ಇಲ್ಲ, ಆದರೂ ಬಿಚ್ಚಿ ನೋಡು ಅಂದ್ರ ಬಿಚ್ಚಿ ನೋಡ್ತೀನಿ, ನಾಕು ದಿನ ಬಿಡಬೇಕಾಗ್ತೈತಿ, ಇಲ್ಲಾ ಹೊಸದು ಹಾಕು ಅಂದ್ರ ಈಗಿಂದೀಗ ಹಾಕ್ತೀನಿ, ನೀವ ಹೇಳ್ರಿ. ನಾನು ಹೇಳಬೇಕಂತೆ. ಏನು ಹೇಳಲಿ? ರಿಪೇರಿಗೆ ಬಿಟ್ಟರೆ ನಾಲ್ಕು ದಿನ ಗಾಡಿಯಲ್ಲಿ ಹಾಡಿಲ್ಲ, ಹಾಡಿಲ್ಲದ ಗಾಡಿಯಲ್ಲಿ ಮೇಡಂಗಳ ಮಾತೆಲ್ಲ ನೇರ ನನ್ನ ಬೆನ್ನಿಗೆ ಬಂದು ಬೀಳುತ್ತದೆ, ಗಾದೆಪ್ಪಣ್ಣ ಇಲ್ಲಿ ನಿಲ್ಲಸ್ರಿ, ಗಾದೆಪ್ಪಣ್ಣ ನಾಳಿ ಲಗೂ ಬರ್ರಿ, ಕನ್ನಡಿಯಲ್ಲಿ ತುಟಿ ಓದಲಿಕ್ಕೆ ಆಗುತ್ತದೆಯೇ ರಸ್ತೆ ನೋಡುತ್ತ, ಹಾಡಿದ್ದರೆ ಹಾಡಿನ ನೆಪ, ಗದ್ದಲದಾಗ ಕೇಳಲಿಲ್ಲ ಮೇಡಂ ಅಂದರೆ ಮುಗಿಯಿತು. ಹೊಸದು ಹಾಕಿಸಿದರೋ? ಹೊಸದರಲ್ಲೂ ಹಾಡು ಪಕ್ಕದ ಓಣಿಯಲ್ಲೇ ಉಳಿದರೆ? ಆಮೇಲೆ ಯಾವ ಯಂತ್ರದ ಮೇಲೆ ಹಾಕಲಿ ತಪ್ಪನ್ನು? ಏನೂ ಬ್ಯಾಡ ಬಿಡ್ರಿ ಅಂದರೆ, ಮತ್ಯಾಕ ಬಂದ್ರಿ ಅನ್ನುತ್ತಾರೆ. ಅತ್ತ ದರಿ ಇತ್ತ ಪುಲಿ, ನಡುವೆ ಈ ಗಾದೆಪ್ಪ, ಮೈಯೆಲ್ಲ ಬೆವರು, ಗಾಡಿ ಹತ್ತಿ ಹೋಗಿಬಿಡೋಣ ಅಂದರೆ ಸೀಟು ಬಿಚ್ಚಿ ಹೊರಗೆ ಬಿದ್ದಿದೆ.

ಬೋರ್‌ವೆಲ್ ಲಾರಿ, ಅದೇ ನನ್ನ ಕಿವಿ ತಿಂದದ್ದು, ಇಪ್ಪತ್ತೆರಡು ವರ್ಷ ಅದರ ಕಂಪ್ರೆಸರ್ ಪಕ್ಕ ನಿಂತವನು ನಾನು, ಕೂಡ್ಲಿಗಿ ಹೊಸಹಳ್ಳಿ ಕಡೆಯ ಒಣ ಹೊಲಗಳಲ್ಲಿ ಹಗಲೆಲ್ಲ ಕೊರೆತ, ಕಲ್ಲು ಸೀಳುವ ಸದ್ದು ಎದೆಯೊಳಗೇ ಕೂತುಬಿಡುತ್ತಿತ್ತು, ನೀರು ಚಿಮ್ಮಿದಾಗ ಎಲ್ಲರೂ ಬಾಯಿ ಬಾಯಿ ಬಿಟ್ಟು ಕೂಗುತ್ತಿದ್ದರು, ನಾನೂ ಕೂಗುತ್ತಿದ್ದೆ, ಯಾರ ಕೂಗೂ ಯಾರಿಗೂ ಕೇಳುತ್ತಿರಲಿಲ್ಲ, ಕಿವಿಗೆ ಹತ್ತಿ ಇಟ್ಟುಕೋ ಅಂದವರಿಗೆ ನಕ್ಕಿದ್ದೆ, ಹತ್ತಿ ಬೆಳೆಯೋರು ಇಟ್ಕೊಳ್ಳಲಿ ಬಿಡ್ರಿ ಅಂದಿದ್ದೆ, ದೊಡ್ಡ ಮಾತುಗಾರ! ಮಾತು ತಿಳಿಯದ ಕೂಲಿಯವನಿಗೆ, ಕಿವುಡನ ಮುಂದೆ ಕಿನ್ನರಿ ಬಾರಿಸಿದಂಗಾತು ನಿನಗ ಹೇಳೋದು, ಅಂತ ಬೈಯುತ್ತಿದ್ದೆ, ಆ ಗಾದೆ ಈಗ ತಿರುಗಿ ನನ್ನ ಹೆಗಲೇರಿ ಕೂತಿದೆ. ಮನೆಯಲ್ಲಿ ಹೆಂಡತಿ ಕನಕಮ್ಮ ಹಿತ್ತಲಿಂದ ಕೇಳುತ್ತಿದ್ದಳು, ಕುಕ್ಕರ್ ಎಷ್ಟು ಸೀಟಿ ಹೊಡೀತು ನೋಡ್ರಿ, ಮೂರು, ಅನ್ನುತ್ತಿದ್ದೆ, ಯಾವತ್ತು ಕೇಳಿದರೂ ಮೂರು, ಒಂದು ದಿನ ಬೇಳೆ ತಳ ಹತ್ತಿ ಮನೆ ತುಂಬ ಹೊಗೆ, ಆಮೇಲೆ ಅವಳು ಸೀಟಿ ಕೇಳುವುದನ್ನೇ ಬಿಟ್ಟಳು, ಈಗ ಏನಾದರೂ ಹೇಳುವ ಮೊದಲು ಹತ್ತಿರ ಬಂದು ಮೊಣಕೈ ಮುಟ್ಟುತ್ತಾಳೆ, ಮುಟ್ಟಿ, ನಾನು ತಿರುಗಿದ ಮೇಲೆ ಬಾಯಿ ತೆರೆಯುತ್ತಾಳೆ, ಈ ವಯಸ್ಸಿನಲ್ಲಿ ಪ್ರೀತಿ ಉಕ್ಕಿತು ಅಂದುಕೊಂಡಿದ್ದೆ, ಮುಠ್ಠಾಳ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನನ್ನ ಬಾಳು, ಅವಳಿಗೆ ಗೊತ್ತಿದೆ. ಗೊತ್ತಿದ್ದೂ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿ ಗಾಡಿಗೆ ಕಳಿಸುತ್ತಾಳೆ, ಗಾಡಿ ಬಿಟ್ಟರೆ ನನ್ನ ಕೈಯಲ್ಲಿ ಬೇರೆ ಕಸುಬಿಲ್ಲ ಅಂತಲೂ ಅವಳಿಗೆ ಗೊತ್ತು.

ಆದರೆ ಸೋಮವಾರ, ಸೋಮವಾರದ್ದನ್ನು ಅವಳಿಗೆ ಹೇಳಿಲ್ಲ, ಚಿಗಟೇರಿ ಶಾಲೆ ಬಿಟ್ಟು ನಾಲ್ವರೂ ಮೇಡಂಗಳನ್ನು ಕೂರಿಸಿಕೊಂಡು ಬರುತ್ತಿದ್ದೆ, ಮುಂದೆ ಮೆಕ್ಕೆಜೋಳದ ಟ್ರ್ಯಾಕ್ಟರ್, ದಾಟಿಸೋಣ ಅಂತ ಬಲಕ್ಕೆ ಎಳೆದೆ, ಬಲದಲ್ಲಿ ಲಾರಿ ಇತ್ತು, ಕಿಟಕಿ ತುಂಬ ಲಾರಿ, ಬೆನ್ನ ಹಿಂದೆ ಹಾರ್ನು ಹೊಡೆಯುತ್ತಲೇ ಬಂದಿತ್ತಂತೆ, ಅಂತೆ, ನನಗೆ ಅದು ಬರೀ ಅಂತೆ, ಹಿಂದಿನಿಂದ ಶೈಲಾ ಮೇಡಂ ನನ್ನ ಹೆಗಲು ಹಿಡಿದು ಜಗ್ಗಿದಾಗ ಎಡಕ್ಕೆ ತಿರುಗಿಸಿದೆ, ಹೊರಗಿನ ಕನ್ನಡಿ ಮುರಿದು ಹೋಯಿತು, ಅಷ್ಟೇ ಹೋಯಿತು, ನಾಲ್ಕು ಹೆಣ್ಣುಮಕ್ಕಳು ಉಳಿದರು. ಹಾಡಿನ ಗದ್ದಲದಾಗ ಕೇಳಲಿಲ್ಲ ಮೇಡಂ, ಅಂದೆ. ಹಂಗಾರ ಹಾಡು ಕಡಿಮಿ ಮಾಡ್ರಿ ಗಾದೆಪ್ಪಣ್ಣ, ನಮಗೂ ಮನ್ಯಾಗ ಮಕ್ಕಳದಾರ. ಅದೇ ಮೇಡಂ ಈಗ ಇಲ್ಲೇ ನಿಂತಿದ್ದಾರೆ, ಸೋಮವಾರ ಹಾಡಿನ ಗದ್ದಲ ಅಂದವನೂ ನಾನೇ, ಇವತ್ತು ಹಾಡು ಸಣ್ಣಗೈತಿ ಅಂದವನೂ ನಾನೇ, ಅವರು ಲೆಕ್ಕದ ಟೀಚರು, ಎರಡನ್ನೂ ಕೂಡಿಸಲಿಕ್ಕೆ ಎಷ್ಟು ಹೊತ್ತು ಬೇಕು? ಹೇಳಿಬಿಡಲೇ, ಮೇಡಂ ನನಗ ಕಿವಿ ಕೇಳಂಗಿಲ್ಲರಿ, ಇಷ್ಟೇ ಮಾತು, ಹೇಳಿದರೆ ನಾಳೆ ಗಾಡಿಯಲ್ಲಿ ಯಾರು ಕೂರುತ್ತಾರೆ, ಹೇಳದಿದ್ದರೆ ಕೂರುತ್ತಾರೆ, ನಾಲ್ವರೂ ಕೂರುತ್ತಾರೆ, ಅದೇ ಹೆದರಿಕೆ, ಕೂತಾರು ಅನ್ನುವುದೇ ಹೆದರಿಕೆ.

ಸಾಬರು ಹಾಡು ಹಚ್ಚಿದ್ದ ತಮ್ಮ ಫೋನಿನ ಮೇಲೆ ಬೆರಳು ಎಳೆದರು, ಹಾಡು ನಿಂತಿತು, ಒಳ್ಳೆಯದಾಯಿತು, ಈಗ ಬೆನ್ನು ಹಾಕಿ ಮೇಜಿನ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದಾರೆ, ಸ್ಕ್ರೂಡ್ರೈವರ್ ಇರಬೇಕು, ಹುಡುಕಲಿ, ಅಷ್ಟರಲ್ಲಿ ಒಂದು ತೀರ್ಮಾನಕ್ಕೆ ಬರೋಣ — ಯಾಕೆ ಮೇಡಂ ಸಾಬರ ಬೆನ್ನು ನೋಡಿ ಆಮೇಲೆ ನನ್ನ ಮುಖ ನೋಡಿದರು, ಯಾಕೆ ನೋಡುತ್ತಲೇ ಇದ್ದಾರೆ, ಈ ಕಣ್ಣು ನನಗೆ ಗೊತ್ತು, ಯಾರೋ ಏನೋ ಕೇಳಿದ್ದಾರೆ, ಉತ್ತರಕ್ಕೆ ಕಾಯುವ ಕಣ್ಣು ಇದು, ಬೇಕರಿಯವನೂ ಕಾಯುತ್ತಿದ್ದಾನೆ, ಹೇಳು ಗಾದೆಪ್ಪ, ಏನಾದರೂ ಹೇಳು, ಕೇಳಿದ್ದು ಇನ್ನೇನಿರುತ್ತದೆ, ರಿಪೇರಿನೋ ಹೊಸದೋ, ಇನ್ನೇನು ಕೇಳುತ್ತಾರೆ — ಹೊಸದ ಹಾಕ್ರಿ ಸಾಬ್ರ, ಅಂದೆ, ಗಟ್ಟಿಯಾಗಿ, ಗಂಡಸಿನಂತೆ, ಹಳೇದು ಸಾಕಾತು, ಹೊಸದ ಹಾಕ್ರಿ. ಸಾಬರು ನೆಟ್ಟಗಾದರು, ತಿರುಗಲಿಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲ, ಏನೂ ಇಲ್ಲ, ಏನನ್ನೂ ಹುಡುಕುತ್ತಿರಲಿಲ್ಲ ಅವರು, ಬೇಕಂತಲೇ ಬೆನ್ನು ಹಾಕಿದ್ದು. ಮೇಡಂ ಹತ್ತಿರ ಬಂದರು, ಬಂದು ನನ್ನ ಮೊಣಕೈ ಮುಟ್ಟಿದರು, ಅಯ್ಯೋ, ಇವರೂ, ಮುಟ್ಟಿ, ನಾನು ತಿರುಗುವವರೆಗೆ ಕಾದು, ಒಂದನೇ ಇಯತ್ತೆ ಮಕ್ಕಳಿಗೆ ಹೇಳುವಂತೆ ಬಾಯಿ ಅಗಲಿಸಿ ಅಂದರು, ಗಾದೆಪ್ಪಣ್ಣ, ಸಾಬ್ರು ಕೇಳಿದ್ದು ಆಂಪಿನ ಸುದ್ದಿ ಅಲ್ರಿ, ನಿಮ್ಮ ಕಿವಿ ಎಷ್ಟು ದಿನದಿಂದ ಹಿಂಗೈತಿ ಅಂತ ಕೇಳಿದ್ರು. ಕಿವಿ. ಎಷ್ಟು ದಿನದಿಂದ. ಹೊಸದ ಹಾಕ್ರಿ ಅಂದೆನಲ್ಲ, ಮೇಡಂ ಕಣ್ಣಲ್ಲಿ ನೀರು, ನೋಡಲಾರೆ, ಕೆಳಗೆ ನೋಡುತ್ತೇನೆ, ಮೇಜು, ವೈರು, ಸ್ಪೀಕರು, ಹಾಡು ನಿಂತಿದೆ ಅಂದುಕೊಂಡಿದ್ದೆನಲ್ಲ, ಸದ್ದೇ ಇಲ್ಲವಲ್ಲ, ಒಂಚೂರೂ ಇಲ್ಲವಲ್ಲ, ಕಪ್ಪು ಬಟ್ಟಲಲ್ಲಿ ಮಂಡಕ್ಕಿ ಕುಣಿಯುತ್ತಿದೆ, ಎಗರುತ್ತದೆ, ಬೀಳುತ್ತದೆ, ಕುಣಿಯುತ್ತಲೇ ಇದೆ