ಉಂಡೀನೋ, ಬುಟ್ಟೀನೋ?

ಬಂಕಾಪುರದಿಂದ ದುಂಡಸಿಯ ಕಡೆಗೆ ಹೋಗುವ ಬಸ್ಸು ನಿಂತಂತೆ ಮಾಡಿ ಮುಂದೆ ಹೋಗುವ ಹಳ್ಳಿಯೊಂದರಲ್ಲಿ ಆ ಪ್ರೌಢಶಾಲೆ ಇದೆ. ಅಲ್ಲಿ ಹತ್ತನೆಯ ತರಗತಿ ಮುಗಿಸಿ ಹೋಗುವವರನ್ನು ಹಾರ ಹಾಕಿ ಕಳಿಸುವ ರೂಢಿಯಿಲ್ಲ. ಕಾಲೆಳೆದು, ನಗಿಸಿ ಕಳಿಸುತ್ತಾರೆ. ಹುಬ್ಬಳ್ಳಿಯ ಕಾಲೇಜುಗಳಲ್ಲಿ ಇದಕ್ಕೆ ಫಿಶ್‌ಪಾಂಡ್ ಎನ್ನುತ್ತಾರಂತೆ. ಇಲ್ಲಿ ಮಾತ್ರ ‘ಹರವಿ’. ಶಾಲೆಗೆ ನೀರಿನ ಫಿಲ್ಟರ್ ಬಂದ ಮೇಲೆ ಕೆಲಸ ಕಳೆದುಕೊಂಡ ದೊಡ್ಡ ಮಣ್ಣಿನ ಹರವಿಯೊಂದು ಆಫೀಸಿನ ಮೂಲೆಯಲ್ಲಿ ಕೂತಿರುತ್ತದೆ. ಪರೀಕ್ಷೆಗೆ ಇಪ್ಪತ್ತು ದಿನ ಇದೆ ಎನ್ನುವಾಗ ಅದು ಹೊರಗೆ ಬರುತ್ತದೆ. ಯಾರ ಮೇಲಾದರೂ ಯಾರಾದರೂ ಹೆಸರು ಹಾಕದೆ ಚೀಟಿ ಬರೆದು ಅದರೊಳಗೆ ಹಾಕಬಹುದು. ಬೀಳ್ಕೊಡುಗೆಯ ದಿನ ತರಗತಿಯ ಲೀಡರ್ ಅವನ್ನು ಓದುತ್ತಾನೆ. ಯಾರ ಮೇಲಿನ ಚೀಟಿಯೋ ಅವರು ಎದ್ದು ಮುಂದೆ ಬಂದು ನಿಲ್ಲಬೇಕು. ಓದಿ ಮುಗಿಸಿದವನು “ಉಂಡೀನೋ, ಬುಟ್ಟೀನೋ?” ಎಂದು ಕೇಳಬೇಕು. ನಗು ಬಂದಿದ್ದರೆ ಎಲ್ಲರೂ “ಉಂಡಿ!” ಎಂದು ಕೂಗುತ್ತಾರೆ, ಕಾಲೆಳೆಸಿಕೊಂಡವರ ಕೈಗೆ ಬಿಸಿಯೂಟದ ಸರೋಜವ್ವ ಕಟ್ಟಿದ ಶೇಂಗಾ ಉಂಡಿ ಬೀಳುತ್ತದೆ. ನಗು ಬಾರದಿದ್ದರೆ “ಬುಟ್ಟಿ!” ಚೀಟಿ ಹರಿದು ಕಸದ ಬುಟ್ಟಿಗೆ. ಬರೆದವರ ಪಾಲಿಗೆ ಅದಕ್ಕಿಂತ ಮಾನಹಾನಿ ಬೇರೆ ಇಲ್ಲ.

ಇದಕ್ಕಿಂತ ನ್ಯಾಯದ ಕೋರ್ಟು ಇಡೀ ತಾಲೂಕಿನಲ್ಲೇ ಇಲ್ಲ ಎಂದು ಮಾದೇವಿ ನಂಬಿದ್ದಳು. ವಕೀಲರಿಲ್ಲ, ವಾಯಿದೆ ಇಲ್ಲ, ತೀರ್ಪು ಕೈಯಲ್ಲೇ.

ಎಂಟನೆಯ ತರಗತಿಯಿಂದಲೂ ಅವಳು ಹಿಂದಿನ ಕಿಟಕಿಯ ಕಟ್ಟೆ ಹತ್ತಿ ಕೂತು ಈ ಹರವಿ ನೋಡಿದವಳು. ಈ ಸಲ ತಮ್ಮದೇ ಸರದಿ. ಚೀಟಿ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬರೆಯಲು ಬಾರದವರೆಲ್ಲ ಅವಳ ಹತ್ತಿರ ಬಂದು, ಒಂದೊಂದು ಹುಣಸೆ ಚಿಗಳಿ ಕೊಟ್ಟು ಬರೆಸಿಕೊಂಡು ಹೋಗಿದ್ದರು. ಮಾಲಾಳ ಮೇಲೆ ಬರೆದದ್ದು ಅವಳಿಗೇ ಬಹಳ ಹಿಡಿಸಿತ್ತು: ‘ಮಾಲಾ ಪ್ರಾರ್ಥನಾ ಹಾಡಿದ ದಿವಸ ಬಂಕಾಪುರ ಕ್ವಾಟಿಯಾಗಿನ ನವಿಲೆಲ್ಲಾ ಈ ಕಡೆ ತಿರುಗಿ ನೋಡಿದ್ವು, ನಮ್ಮ ಬಳಗದವ್ರು ಯಾರೋ ಕರ್ಯಾಕತ್ತಾರ ಅಂತ.’

ಊರವರಿಗೆಲ್ಲ ತಲೆ ಬಾಚುವವಳಿಗೆ ತನ್ನ ಬೈತಲೆ ಕಾಣುವುದಿಲ್ಲ. ತನ್ನ ಮೇಲೆ ಏನು ಬರೆದಿದ್ದಾರೆ? ಒಂದು ವಾರದಿಂದ ಮಾದೇವಿಯ ತಲೆಯಲ್ಲಿ ಇದೊಂದೇ. ಪ್ರಭು ತನ್ನನ್ನು ನೋಡುತ್ತ, ಕೈ ಅಡ್ಡ ಹಿಡಿದು ಏನೋ ಗೀಚುತ್ತಿದ್ದುದನ್ನು ಅವಳು ಕಂಡಿದ್ದಳು. ಪಕ್ಕದಲ್ಲಿ ಕೂರುವ ನುಜಹತ ಅಂತೂ ಬರೆದು ಹಾಕಿ ಬಂದು, ಬಾಯಿ ಬಿಡದಿರಲು ತನ್ನ ಓಢಣಿಯ ಸೆರಗನ್ನೇ ಬಾಯಿಗೆ ತುರುಕಿಕೊಂಡಿದ್ದಳು.

“ಏ, ಒಂದ ಮಾತು ಹೇಳ ನುಜ್ಜಿ. ಕಬಡ್ಡಿ ಬಗ್ಗೆ ಬರದಿಯೋ, ಚಿಗಳಿ ಬಗ್ಗೆ ಬರದಿಯೋ?”

“ಖುದಾನ ಆಣಿ, ಹೇಳಂಗಿಲ್ಲ. ನಾಳೆ ಎಲ್ಲಾರ ಮುಂದ ನಿಂತು ಕೇಳ. ಎರಡು ತಾಸು ತಲಿ ಕೆಡಿಸ್ಕೊಂಡು ಬರದೇನಿ.”

ಆ ಮಧ್ಯಾಹ್ನ ಮಾದೇವಿ ಹಾಜರಿ ಪುಸ್ತಕ ಇಡಲು ಆಫೀಸಿಗೆ ಹೋದಳು. ಕನ್ನಡದ ಮೈಲಾರಲಿಂಗಪ್ಪ ಸರ್ ಹರವಿಯೊಳಗಿನದನ್ನೆಲ್ಲ ಮೇಜಿನ ಮೇಲೆ ಸುರುವಿಕೊಂಡು ಚೀಟಿ ಬಿಡಿಸಿ ಓದುತ್ತಿದ್ದರು. ಓದಿ ಕೆಲವನ್ನು ಮತ್ತೆ ಮಡಚಿ ಹರವಿಗೆ ಹಾಕುತ್ತಿದ್ದರು. ಕೆಲವನ್ನು ಅಂಗಿಯ ಜೇಬಿಗೆ. ಜೇಬಿಗೆ ಹೋದ ಒಂದರ ಮೇಲೆ ನುಜಹತಳ ಹಸಿರು ಶಾಯಿ ಕಂಡಿತು.

ಸರ್ ತಲೆ ಎತ್ತಿದರು. ಜೇಬಿನ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಮೆತ್ತಗೆ ಹೇಳಿದರು:

“ನಿನಗ ಛಲೋದೊಂದು ನಾನ ಬರದೇನವಾ. ನಾಳೆ ಅದನ್ನ ಓದಸ್ತೇನಿ.”

“ನೀವ್ಯಾಕ್ರೀ ಸರ್? ಹುಡುಗೂರು ಬರೀಬೇಕಲ್ರಿ?”

“ಅವೆಲ್ಲಾ ನಿನಗ ತಿಳೀಂಗಿಲ್ಲ. ಹೋಗು, ಗಣಿತದ ತಾಸು ಸುರು ಆತು.”

ತಿಳಿಯದೆ ಏನು? ಹೋದ ವರ್ಷ ಒಂದು ಚೀಟಿಯಲ್ಲಿ ಮಾದೇವಿಯ ಓಣಿಯ ಹುಡುಗಿಯೊಬ್ಬಳ ಜಾತಿ ಹಿಡಿದು ಬರೆದಿದ್ದರು. ಮರುದಿನ ಅವಳ ಸೋದರಮಾವ ಶಾಲೆಗೆ ಬಂದ. ಮೇಲಿನವರಿಗೆ ಅರ್ಜಿ ಕೊಡುತ್ತೇನೆ ಎಂದ. ಮೈಲಾರಲಿಂಗಪ್ಪ ಸರ್ ಮೂರು ಪುಟ ವಿವರಣೆ ಬರೆದರು. ಊರ ಹಿರಿಯರು ನಡುವೆ ಬಂದು ಸಮಾಧಾನ ಮಾಡಿದರು. ಬರೆದ ಕೈ ಯಾರದೆಂದು ಯಾರೂ ಹುಡುಕಲಿಲ್ಲ. ಯಾರ ಮೇಲೆ ಬರೆಯಬಾರದು ಎಂಬ ಪಟ್ಟಿಯೊಂದು ಮಾತ್ರ ಸರ್ ತಲೆಯಲ್ಲಿ ತಯಾರಾಯಿತು. ಈ ವರ್ಷ ಆ ಪಟ್ಟಿಯಲ್ಲಿ ಎರಡು ಹೆಸರು: ಮಾದೇವಿ ಮತ್ತು ಅದೇ ಓಣಿಯ ಗುತ್ತೆಪ್ಪ.

ಸಂಜೆ ಬಸ್ಸಿಗೆ ಕಾಯುವಾಗ ಮಾದೇವಿ ಎಲ್ಲವನ್ನೂ ನುಜಹತಳಿಗೆ ಹೇಳಿದಳು.

“ನಂದೂ ಕಿಸೆದಾಗ ಹಾಕ್ಕೊಂಡ್ರು?” ನುಜಹತಳ ಸಿಟ್ಟು ನೆತ್ತಿಗೇರಿತು. “ಅದ್ರಾಗ ಕೆಟ್ಟದ್ದು ಏನೂ ಇಲ್ಲಲೇ! ಬರೇ ನಿನ್ನ ಹೊಟ್ಟಿಬಾಕತನದ ಬಗ್ಗೆ ಬರದೇನಿ.”

“ಹೇಳಂಗಿಲ್ಲ ಅಂದ್ಯಲ್ಲ, ಈಗ ಹೇಳಾಕತ್ತಿ.”

“ಹೋಗ್ಲಿ ಬಿಡ. ಪೂರಾ ಹೇಳಿಬಿಡ್ತೇನಿ. ಇಬ್ಬರೂ ಇಲ್ಲೇ ನಕ್ಕುಬಿಡೂಣು.”

“ಬ್ಯಾಡ,” ಎಂದಳು ಮಾದೇವಿ. “ಬಸ್‌ಸ್ಟ್ಯಾಂಡಿನ್ಯಾಗ ಕದ್ದು ನಗಾಕ ನಾ ಏನ್ ಕಳವು ಮಾಡೇನೇನು? ಎಲ್ಲಾರ ನಡುವ ನಗಬೇಕು. ನಂಗೂ ಉಂಡಿ ಬೇಕು.”

ಮರುದಿನ ಸಭಾಮಂಟಪವೆಂದರೆ ಎರಡು ಕೋಣೆಯ ನಡುವಿನ ತಗಡಿನ ಪಾರ್ಟಿಷನ್ ತೆಗೆದ ಜಾಗ. ಒಂಬತ್ತನೆಯವರು ಬಣ್ಣದ ಕಾಗದ ಕತ್ತರಿಸಿ ಹಚ್ಚಿದ್ದರು. ಸರೋಜವ್ವ ಉಂಡಿಯ ಪರಾತ ಹೊತ್ತು ತಂದು, ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಲೀಡರ್ ಇರ್ಫಾನ ಹೊಸ ಅಂಗಿ ಹಾಕಿಕೊಂಡು ಹರವಿಯ ಬಾಜು ನಿಂತ. ಅವನ ಮೇಲಿನ ಚೀಟಿಯೇ ಮೊದಲು ಬಂತು; ಓದುವವನೂ ಅವನೇ, ಅನುಭವಿಸುವವನೂ ಅವನೇ.

“‘ಇರ್ಫಾನ ಗದ್ದಲ ಮಾಡಿದವ್ರ ಹೆಸರು ಬೋರ್ಡಿನ ಮ್ಯಾಲ ಬರೀತಾನ. ಬರಿಯೂವಾಗ ಅವ ಮಾಡೂ ಗದ್ದಲದಾಗ ಉಳದವ್ರ ಗದ್ದಲ ಕೇಳಸೂದ ಇಲ್ಲ.’ ಉಂಡೀನೋ, ಬುಟ್ಟೀನೋ?”

“ಉಂಡಿ!” ತಗಡು ನಡುಗಿತು.

ಎರಡನೆಯದು ಗುತ್ತೆಪ್ಪನದು. ಗುತ್ತೆಪ್ಪ ಎದ್ದು, ಅಂಗಿ ಎಳೆದು ಸರಿಮಾಡಿಕೊಂಡು ಮುಂದೆ ಬಂದ. ಇರ್ಫಾನ ಓದಿದ: “‘ಗುತ್ತೆಪ್ಪ ಅವರೇ, ತಮ್ಮ ಮುಂದಿನ ಭವಿಷ್ಯ ಉಜ್ವಲವಾಗಲಿ.’”

ಉಂಡಿಯೋ ಬುಟ್ಟಿಯೋ ಎಂದು ಅವನು ಕೇಳಲಿಲ್ಲ. ಮೈಲಾರಲಿಂಗಪ್ಪ ಸರ್ ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಉಳಿದವರೂ ತಟ್ಟಿದರು. ಗುತ್ತೆಪ್ಪ ಚೀಟಿ ಇಸಿದುಕೊಂಡು, ಅದರ ಹಿಂದೆ ಏನಾದರೂ ಇದೆಯೋ ಎಂದು ತಿರುವಿ ನೋಡಿ, ಹೋಗಿ ಕೂತ. ಮೂರು ವರ್ಷದಲ್ಲಿ ಆ ಶಾಲೆಯಲ್ಲಿ ಯಾರೂ ಅವನಿಗೆ ‘ಅವರೇ’ ಅಂದಿರಲಿಲ್ಲ.

ನುಜಹತಳದು ಬಂತು. ‘ನುಜಹತ ಬಾಯಿ ಮುಚ್ಚಿದ್ದನ್ನ ನಾವು ಒಮ್ಮೆ ಅಷ್ಟ ನೋಡೇವಿ. ಅವತ್ತು ಮೌಖಿಕ ಪರೀಕ್ಷೆ ಇತ್ತು.’ ಉಂಡಿ. ಪ್ರಭುವಿನದು ಬಂತು. ‘ಪ್ರಭು ಸಾಲಿಗೆ ಬಂದ್ರ ಪ್ರಾರ್ಥನಾ ಮುಗಿದೈತಿ ಅಂತ ತಿಳೀರಿ. ಅಡಿಗಿ ಮನಿ ಮುಂದ ಬಂದು ನಿಂತ್ರ ಅನ್ನ ಇನ್ನೂ ಬೆಂದಿಲ್ಲ ಅಂತ ತಿಳೀರಿ.’ “ಇದು ಖರೇ ಐತಿ!” ಎಂದು ಸರೋಜವ್ವನೇ ಕೂಗಿ, ಎರಡು ಉಂಡಿ ಕೊಟ್ಟಳು. ಪ್ರಭು ಬಾಯಿ ತುಂಬಿಕೊಂಡೇ ಜಾಗಕ್ಕೆ ಹೋದ.

“ಮಾದೇವಿ,” ಎಂದ ಇರ್ಫಾನ.

ಅವಳು ಎದ್ದಳು. ಎಲ್ಲರ ಮುಖದಲ್ಲಿ ನಗು ಆಗಲೇ ತುದಿಗೆ ಬಂದು ನಿಂತಿತ್ತು. ಬಹಳ ಜನ ಅವಳ ಮೇಲೆ ಬರೆದಿದ್ದರು, ಯಾರದು ಬರುತ್ತದೋ ಎಂದು ಕಾದಿದ್ದರು. ಇರ್ಫಾನ ಚೀಟಿ ಬಿಡಿಸಿದ. ಅವನ ದನಿ ಸಣ್ಣದಾಯಿತು.

“‘ಮಾದೇವಿ ಅವರೇ, ತಮ್ಮ ಮುಂದಿನ ಭವಿಷ್ಯ ಉಜ್ವಲವಾಗಲಿ.’”

ಸರ್ ಚಪ್ಪಾಳೆಗೆ ಕೈ ಎತ್ತಿದರು.

“ಕೇಳೋ ಇರ್ಫಾನ,” ಎಂದಳು ಮಾದೇವಿ.

“ಏನ್ ಕೇಳ್ಲಿ?”

“ಎಲ್ಲಾರಿಗೂ ಕೇಳಿದ್ಯಲ್ಲ, ಅದನ್ನ.”

ಇರ್ಫಾನ ಸರ್ ಕಡೆ ನೋಡಿದ. ಅವರು ಎತ್ತಿದ ಕೈ ಇಳಿಸಿದರು. “ಉಂಡೀನೋ... ಬುಟ್ಟೀನೋ?”

ಉಜ್ವಲ ಭವಿಷ್ಯವನ್ನು ಬುಟ್ಟಿಗೆ ಹಾಕು ಎನ್ನುವುದು ಹೇಗೆ?

“ಬುಟ್ಟಿ!” ಎಂದು ಮಾದೇವಿಯೇ ಕೂಗಿದಳು. ಇರ್ಫಾನನ ಕೈಯಿಂದ ಚೀಟಿ ತೆಗೆದುಕೊಂಡು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದಳು. ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಅವಳು ಸರ್ ಎದುರು ಹೋಗಿ ನಿಂತು ಕೈ ಚಾಚಿದಳು.

“ನನ್ನ ಚೀಟಿ ಕೊಡ್ರಿ ಸರ್.”

“ಮಾದೇವಿ, ಕುಂದ್ರು ಹೋಗವಾ. ನಿನ್ನ ಒಳ್ಳೇದಕ್ಕ ಮಾಡೇನಿ.”

“ಒಳ್ಳೇದು ಮಾಡೂ ಮುಂದ ನನ್ನ ಕೇಳಿದ್ರೇನ್ರಿ?”

“ಅದ್ರಾಗ ಒಂದು ಸರಿ ಇಲ್ಲ,” ಸರ್ ದನಿ ತಗ್ಗಿಸಿದರು. “ಉಳದದ್ದು ಏನೂ ಇಲ್ಲ, ಹುಡುಗಾಟಿಕಿ. ಒಂದು ಮಾತ್ರ ಸರಿ ಇಲ್ಲ.”

“ಒಂದು ಸರಿ ಇಲ್ಲಂತ ಎಲ್ಲಾನೂ ಕಿಸೆದಾಗ ಹಾಕ್ಕೊಂಡ್ರಿ. ಹೋದ ವರ್ಷ ಬರದವ್ರನ್ನ ಬಿಟ್ಟು ನಮ್ಮ ಹೆಸರು ತಗದ್ರಿ. ಮೂರು ವರ್ಷ ಇವ್ರ ಜೋಡಿ ಬೈದು ಬೈಸಿಕೊಂಡು ಓದೇನ್ರಿ ಸರ್. ಹೋಗೂ ದಿವಸ ನಾನೊಬ್ಬಾಕಿ ‘ಅವರೇ’ ಆಗಿ ಹೋಗಬೇಕೇನ್ರಿ? ಕೊಡ್ರಿ. ನಗೂದೋ ಬ್ಯಾಡೋ, ಎಲ್ಲಾರೂ ಇಲ್ಲೇ ಹೇಳ್ತಾರ.”

ಮೈಲಾರಲಿಂಗಪ್ಪ ಸರ್ ಕೆಟ್ಟವರಲ್ಲ. ಅಂಜುಬುರುಕರು. ಅಂಜುವವರ ಒಳ್ಳೆಯತನಕ್ಕೆ ಬೇಲಿ ಹಾಕುವುದೊಂದೇ ಗೊತ್ತು. ಬೇಲಿಯ ಒಳಗೆ ಯಾರು ಉಳಿದರು, ಹೊರಗೆ ಯಾರು ಉಳಿದರು ಎಂದು ನೋಡಲು ಅವರಿಗೆ ಪುರುಸೊತ್ತಿರುವುದಿಲ್ಲ. ಅವರು ಅವಳ ಚಾಚಿದ ಅಂಗೈಯನ್ನೇ ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿ, ಅವಳ ಮೇಲಿನ ಆರು ಚೀಟಿ ತೆಗೆದು, ಒಂದನ್ನು ಬೇರೆ ಹಿಡಿದು, ಉಳಿದ ಐದನ್ನು ಕೊಟ್ಟರು.

ಮಾದೇವಿಯ ಕೈ ಹಿಂದೆ ಸರಿಯಲಿಲ್ಲ.

ಅವರು ಆರನೆಯದನ್ನೂ ಕೊಟ್ಟರು.

ಎಲ್ಲವನ್ನೂ ಅವಳು ಇರ್ಫಾನನ ಕೈಗೆ ಹಾಕಿದಳು. “ಓದು. ಒಂದೂ ಬಿಡಬ್ಯಾಡ.”

“‘ಮಾದೇವಿಯ ಕಂಪಾಸ ಪೆಟಗಿಯೊಳಗ ಕಂಪಾಸ ಇಲ್ಲ, ಚಿಗಳಿ ಐತಿ. ಅದಕ್ಕ ಆಕಿ ತಗದ ವರ್ತುಳಕ್ಕ ನಾಲ್ಕು ಮೂಲಿ.’ ಉಂಡೀನೋ, ಬುಟ್ಟೀನೋ?”

“ಉಂಡಿ!” ಕಟ್ಟಿಟ್ಟ ನಗು ಒಮ್ಮೆಲೇ ಒಡೆಯಿತು. ಗಣಿತದ ಸರ್ ಮೇಜು ಗುದ್ದಿ ನಕ್ಕರು.

“‘ಮಾದೇವಿ ಜೋಡಿ ಕಬಡ್ಡಿ ಆಡಿದವ್ರು ಔಟ್ ಆಗೂದಿಲ್ಲ, ಸೀದಾ ದವಾಖಾನಿಗೆ ಹೋಗ್ತಾರ.’”

“ಉಂಡಿ!”

“‘ಮಾದೇವಿ ಪ್ರಶ್ನೆ ಕೇಳಾಕ ಎದ್ದು ನಿಂತ್ರ ಸರ್ ಗಡಿಯಾರ ನೋಡ್ತಾರ. ಗಡಿಯಾರ ಮಾದೇವೀನ್ನ ನೋಡಿ ಹತ್ತು ಮಿನಿಟ್ ಮುಂದ ಓಡ್ತೈತಿ.’”

“ಉಂಡಿ!” ಈ ಸಲ ಮೈಲಾರಲಿಂಗಪ್ಪ ಸರ್ ತುಟಿಯೂ ಅಲುಗಿತು; ಗಡಿಯಾರ ನೋಡುವವರು ಯಾರೆಂದು ಅವರಿಗೆ ಗೊತ್ತಿತ್ತು.

“‘ಮಾದೇವೀ ಮ್ಯಾಲ ಒಂದು ಚೀಟಿ ಬರದು ಕೊಡು ಅಂತ ಮಾದೇವೀನ್ನ ಕೇಳಿದೆ. ಎರಡು ಚಿಗಳಿ ಆಕ್ಕಾವ ಅಂದ್ಲು.’” ಪ್ರಭುವೇ ಬರೆದದ್ದೆಂದು ಅವನ ಕಿವಿ ನೋಡಿದರೆ ತಿಳಿಯುತ್ತಿತ್ತು.

ಐದನೆಯದು ಹಸಿರು ಶಾಯಿ. “‘ಮಾದೇವಿ ಮೂರು ವರ್ಷ ನನ್ನ ಊಟದ ಡಬ್ಬಿ ಖಾಲಿ ಮಾಡ್ಯಾಳ. ಡಬ್ಬಿ ತಿನ್ನದ ವಾಪಸ್ ಕೊಟ್ಟಿದ್ದಕ್ಕ ಆಕೀಗೆ ಶುಕ್ರಿಯಾ.’”

ಮಾದೇವಿ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಉಂಡಿ ಹಿಡಿಯಲು ಎರಡು ಕೈ ಸಾಲದೆ ಓಢಣಿಯ ಸೆರಗು ಒಡ್ಡಿದಳು. ಸರೋಜವ್ವ ಎಣಿಸದೆ ಹಾಕಿದಳು.

ಆರನೆಯ ಚೀಟಿ ಬಿಡಿಸಿದ ಇರ್ಫಾನ ಓದಲಿಲ್ಲ. “ಇದು ಬ್ಯಾಡ ಮಾದೇವಿ,” ಎಂದ.

ಅವಳು ಇಸಿದುಕೊಂಡು ನೋಡಿದಳು. ಯಾರದೋ ಎಡಗೈ ಬರಹ. ಕಣ್ಣು ಒಂದು ಸಲ ಅದರ ಮೇಲೆ ಹೋಗಿ, ಇನ್ನೊಂದು ಸಲ ಹೋಗಿ, ನಿಂತಿತು. ಮುಖದ ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಪಾಠ ಓದುವ ದನಿಯಲ್ಲಿ, ಕೊನೆಯ ಸಾಲಿನವರಿಗೂ ಕೇಳುವಂತೆ ಓದಿದಳು:

“‘ಮಾದೇವಿ ಎಷ್ಟು ಓದಿದ್ರೇನು, ಕಡೀಕ ಅವರಪ್ಪನ ಹಲಗಿ ಬಡೀಬೇಕು.’”

ಹೊರಗೆ ಬಸ್ಸೊಂದು ಹಾರ್ನ್ ಹಾಕಿ ಹೋಯಿತು.

“ನಮ್ಮಪ್ಪ ಹಲಗಿ ಬಡೀತಾನ, ಖರೇ ಐತಿ,” ಎಂದಳು ಮಾದೇವಿ. “ನಿಮ್ಮ ಮನಿ ಲಗ್ನದಾಗೂ ಬಡದಾನ, ನಿಮ್ಮಜ್ಜಿ ಹೆಣದ ಮುಂದೂ ಬಡದಾನ. ಇದ್ರಾಗ ನಗು ಎಲ್ಲೈತಿ ಅಂತ ನನಗ ಸಿಗವಲ್ದು. ಸಿಕ್ಕವ್ರು ಹೇಳ್ರಿ. ಇರ್ಫಾನ, ಕೇಳು.”

ಇರ್ಫಾನ ಕೇಳಿದ. “ಉಂಡೀನೋ, ಬುಟ್ಟೀನೋ?”

ಮೊದಲು ನುಜಹತ. ಅವಳ ಹಿಂದೆಯೇ ಪ್ರಭು, ಮಾಲಾ. ಆಮೇಲೆ ಇಡೀ ತರಗತಿ. ಸರೋಜವ್ವನ ದನಿಯೂ ಅದರಲ್ಲಿತ್ತು.

“ಬುಟ್ಟಿ!”

ಬರೆದವನೂ ಕೂಗಿದ್ದ. ಕೂಗದೆ ಸುಮ್ಮನೆ ಕೂತಿದ್ದರೆ ಸಿಕ್ಕಿಬೀಳುತ್ತಿದ್ದ. ತನ್ನ ಚೀಟಿಗೆ ತಾನೇ ತೀರ್ಪು ಕೊಟ್ಟು, ಆ ಮೂವತ್ತೆರಡು ಮುಖಗಳ ನಡುವೆ ಅವನು ಎಲ್ಲೋ ಕೂತಿದ್ದ. ಮಾದೇವಿ ಹುಡುಕಲು ಹೋಗಲಿಲ್ಲ. ಚೀಟಿ ಹರಿದು ಬುಟ್ಟಿಗೆ ಹಾಕಿ, ಸೆರಗಿನ ಉಂಡಿ ಬೀಳದಂತೆ ಹಿಡಿದುಕೊಂಡು ನುಜಹತಳ ಪಕ್ಕಕ್ಕೆ ಬಂದು ಕೂತಳು. ನುಜಹತ ಅವಳ ಮೊಣಕಾಲ ಮೇಲೆ ಕೈ ಇಟ್ಟಳು. ಇನ್ನೊಂದು ಕೈಯಿಂದ ಒಂದು ಉಂಡಿ ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು.

“ಮೂರು ವರ್ಷದ್ದು ವಸೂಲಿ,” ಎಂದಳು.

ಇರ್ಫಾನ ಮಾಲಾಳ ಚೀಟಿಗೆಂದು ಹರವಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಗುತ್ತೆಪ್ಪ ಎದ್ದು ನಿಂತ. ಅವನು ತರಗತಿಯಲ್ಲಿ ತಾನಾಗಿ ಎದ್ದು ನಿಂತದ್ದನ್ನು ಯಾರೂ ನೋಡಿರಲಿಲ್ಲ. ಉಜ್ವಲ ಭವಿಷ್ಯದ ಚೀಟಿ ಅವನ ಕೈಯಲ್ಲಿ ಬೆವರಿಗೆ ಮೆತ್ತಗಾಗಿತ್ತು.

“ಸರ್,” ಎಂದ. “ನಂದೂ ಅದಾವೇನ್ರಿ?”

ಮೈಲಾರಲಿಂಗಪ್ಪ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಈ ಸಲ ಯಾರೂ ಕೈ ಚಾಚಲಿಲ್ಲ. ಅವರೇ ಜೇಬಿಗೆ ಕೈ ಹಾಕಿ, ತಡಕಿ, ಎರಡು ಚೀಟಿ ತೆಗೆದರು. ಬಿಡಿಸಿ ನೋಡದೆ ಇರ್ಫಾನನ ಕೈಗೆ ಕೊಟ್ಟರು.

ಇರ್ಫಾನ ಮೊದಲನೆಯದನ್ನು ಬಿಡಿಸಿದ. ಓದುವ ಮೊದಲೇ ಅವನಿಗೆ ನಗು ತಡೆಯಲಾಗಲಿಲ್ಲ. ಗುತ್ತೆಪ್ಪ ಅಂಗಿ ಎಳೆದು ಸರಿಮಾಡಿಕೊಂಡು ಮತ್ತೊಮ್ಮೆ ಮುಂದೆ ನಡೆದ.