ಗೇಣುದ್ದದ ಸೌದೆ

ಒಟ್ಟಿಲಿನಿಂದ ಎಳೆದ ಸೌದೆ ಗೇಣುದ್ದಕ್ಕೇ ಮುಗಿದುಹೋಯಿತು. ಮೊಳದುದ್ದ ಬರುತ್ತದೆಂದು ಎರಡೂ ಕೈಯಲ್ಲಿ ಜಗ್ಗಿದ್ದವಳು ಹಿಂದಕ್ಕೆ ವಾಲಿ ಹಿತ್ತಿಲಿನ ಬಚ್ಚಲುನೀರಿನ ಕೆಸರಿನಲ್ಲಿ ಕೂತುಬಿಟ್ಟಳು. ಒಳಗೆ ನಡುಮನೆಯಲ್ಲಿ ಗಂಡನ ಹೆಣವಿತ್ತು. ಜನ ಬರುವುದರೊಳಗೆ ನೀರು ಕಾಯಬೇಕಿತ್ತು.

ಎದ್ದು ಪಕ್ಕದ ತುಂಡನ್ನು ಎಳೆದಳು. ಅದೂ ಗೇಣೇ. ಅದರ ಕೆಳಗಿನದೂ ಅಷ್ಟೇ. ಆ ಕಿಂಡಿಯೊಳಗೆ ಭುಜದವರೆಗೆ ಕೈ ತೂರಿಸಿ ತಡಕಿದಳು. ಸಿಕ್ಕಿದ್ದು ರಟ್ಟಿನ ಡಬ್ಬ, ಒದ್ದೆ ಎಲೆ, ಸೀಳದೆ ಬಿಟ್ಟ ಒಂದು ಕೊರಡಿನ ತೊಗಟೆ. ಮಿಕ್ಕಿದ್ದೆಲ್ಲ ಬರೀ ಗಾಳಿ. ಚಳಿಗಾಲವಿಡೀ ಸಾಲುತ್ತದೆಂದು ಅವಳು ನಂಬಿಕೊಂಡಿದ್ದ ಆಳೆತ್ತರದ ಒಟ್ಟಿಲು ಒಳಗೆ ಟೊಳ್ಳು.

"ಅಯ್ಯೋ ಪುಣ್ಯಾತ್ಮ, ಇದೇನು ಮಾಡಿಟ್ಟು ಹೋದೆ" ಎಂದಳು. ಯಾರಿಗೂ ಕೇಳಿಸಲಿಲ್ಲ.

ಅವನು ಮರದ ಮಿಲ್ಲಿನಲ್ಲಿ ಕಾವಲುಗಾರ. ಹೇಳಿಕೊಳ್ಳುವಂಥ ಕೆಲಸವೇನಲ್ಲ. ಆದರೆ ಸೌದೆ ಒಡೆದು ಒಟ್ಟುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ಗೋಡೆ ಮೇಸ್ತ್ರಿ ಎಂದು ಜನ ಚುಡಾಯಿಸುತ್ತಿದ್ದರು. ಅವನು ಮುಖ ಸಿಂಡರಿಸಿಕೊಂಡು ಒಳಗೊಳಗೇ ಉಬ್ಬುತ್ತಿದ್ದ. ಸಂಬಳ, ಸೈಟು, ಮಕ್ಕಳು ಯಾವುದೂ ಆಗಿಬರದ ಮನುಷ್ಯನಿಗೆ ಇದ್ದದ್ದು ಅದೊಂದೇ ಹೆಸರು. ಇವತ್ತು ಈ ಟೊಳ್ಳು ಬಯಲಾದರೆ ಆ ಹೆಸರೂ ಅವನ ಜೊತೆಗೇ ಮಣ್ಣಾಗುತ್ತಿತ್ತು.

ಮೂರೂ ತುಂಡುಗಳನ್ನು ಹೇಗಿದ್ದವೋ ಹಾಗೆ ತುರುಕಿ, ಅಂಗೈಯಿಂದ ತಟ್ಟಿ ಸಮ ಮಾಡಿದಳು. ಬಚ್ಚಲಿನ ಮಣೆಯನ್ನು ಗೋಡೆಗೆ ಒರಗಿಸಿ ತುಳಿದು ಮುರಿದು, ಅದರಲ್ಲೇ ನೀರು ಕಾಯಿಸಿದಳು.

*

ಮಳೆಗಾಲ ಮುಗಿದಾಗಿನಿಂದ ದಿನಾ ಮಧ್ಯಾಹ್ನವೆಲ್ಲ ಹಿತ್ತಿಲಿನಿಂದ ಠಕ್ ಠಕ್ ಎಂಬ ಸದ್ದು ಬರುತ್ತಿತ್ತು. ಅವಳು ಒಳಗೆ ಹರಿದ ಬಟ್ಟೆಗೆ ತೇಪೆ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಗಂಡಸು ಗಟ್ಟಿಮುಟ್ಟಾಗಿದ್ದಾನೆ ಎನ್ನುವುದಕ್ಕೆ ಅದಕ್ಕಿಂತ ಇನ್ನೇನು ಬೇಕು? ಒಳಗೆ ಬಂದಾಗ ಅವನ ತುಟಿ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಊಟ ಮುಂಚಿನಷ್ಟಿರಲಿಲ್ಲ. ಊರಿಗೆಲ್ಲ ಸೌದೆ ಮಾರುವ ಅಂದಾಜಾ ಎಂದು ಇವಳು ರೇಗಿಸಿದರೆ, ಈ ಸಲ ಚಳಿ ಜೋರಂತೆ ಕಣೇ ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಒಲೆಗೆ ಬೇಕಾದ ಸೌದೆಯನ್ನು ದಿನಾ ತಾನೇ ತರುತ್ತಿದ್ದ. ಅವಳು ಕೈಹಚ್ಚಲು ಹೋದರೆ, ಬೇಡ, ಮೈಮೇಲೆ ಬೀಳುತ್ತೆ ಎಂದು ಗದರಿಸುತ್ತಿದ್ದ. ಅವನು ತರುತ್ತಿದ್ದದ್ದು, ಒಟ್ಟಿಲಿನ ಮೈಗೆ ಜೋಡಿಸಿದ್ದು ಎಲ್ಲ ಮಿಲ್ಲಿನಿಂದ ಚೀಲದಲ್ಲಿ ಹೊತ್ತು ತಂದ ಚೂರುಪಾರು ಎಂಬುದು ಅವಳಿಗೆ ಹೊಳೆದದ್ದೇ ಇವತ್ತು.

ಕಾಯಿಲೆ ಬಚ್ಚಿಟ್ಟದ್ದೇಕೆ ಎಂಬುದೂ ಹೊಳೆಯಿತು. ಎದುರುಮನೆಯ ದರ್ಜಿ ಲಕ್ವ ಹೊಡೆದು ಮಲಗಿದಾಗ ಅವಳೇ ಅಂದಿದ್ದಳು, ಗಂಡಸು ಮೂಲೆ ಹಿಡಿದರೆ ಆ ಮನೆ ಮುಗಿದಂತೆಯೇ ಅಂತ. ಬಾಯಿಮಾತಿಗೆ ಅಂದದ್ದು. ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಬಿಟ್ಟವನು ಮತ್ತೆ ಮೆಟ್ಟಿಕೊಂಡು ಹಿತ್ತಿಲಿಗೆ ಹೋಗಿದ್ದ.

*

ಮಣ್ಣು ಮಾಡಿ ಬಂದವರೆಲ್ಲ ಚಳಿಗೆ ನಡುಗುತ್ತ ನಡುಮನೆಯ ಒಲೆಯ ಸುತ್ತ ಕೂತರು. ಮಣೆ ಯಾವಾಗಲೋ ಉರಿದುಹೋಗಿ ಕೆಂಡಕ್ಕೂ ಬೂದಿ ಕವಿದಿತ್ತು. ಪಕ್ಕದ ಮನೆಯಾಕೆ, ಬೀದಿಯವರೆಲ್ಲ ಡಂಗುರ ಎಂದು ಕರೆಯುವವಳು, ಕೈ ಉಜ್ಜಿಕೊಳ್ಳುತ್ತ, ಹಿತ್ತಿಲಲ್ಲಿ ಅಷ್ಟು ದೊಡ್ಡ ಒಟ್ಟಿಲು ಇಟ್ಟುಕೊಂಡು ಹೀಗೆ ನಡುಗುವುದೇ ಎಂದು ರಾಗ ತೆಗೆದಳು. ಗಂಡನ ಅಣ್ಣ ಸೌದೆ ತರಲೆಂದು ಎದ್ದು ಪಂಚೆ ಎತ್ತಿ ಕಟ್ಟಿಕೊಂಡ.

ಅವಳು ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಳು. "ಬೇಡ ಭಾವ. ಅದನ್ನ ಮುಟ್ಟಬೇಡಿ."

"ಯಾಕಮ್ಮ, ನಾಲ್ಕು ಸೌದೆ ತಾನೇ?"

"ಅವರು ಒಟ್ಟಿದ್ದು. ಹಾಗೇ ಇರಲಿ."

ಅವನು ಸುಮ್ಮನಾಗುತ್ತಿದ್ದನೇನೋ, ಅವನ ಹೆಂಡತಿ ಬಿಡಬೇಕಲ್ಲ. ಸತ್ತವನ ಮನೆಗೆ ಬಂದವರನ್ನು ಚಳಿಗೆ ಸಾಯಿಸುವ ಜಿಪುಣತನ ತಾನು ಎಲ್ಲೂ ಕಂಡಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಡಂಗುರ ಹೂಂಗುಟ್ಟಿದಳು. ನಾಳೆ ಬೆಳಗಾಗುವುದರೊಳಗೆ ಅದು ಬೀದಿಯ ಕೊನೆ ಮುಟ್ಟುವುದು ಖಂಡಿತ. ಮುಟ್ಟಲಿ ಎಂದುಕೊಂಡಳು ಅವಳು. ಅವಳಿಗೆ ಅಳು ಒತ್ತಿಬರುತ್ತಿತ್ತು, ಆದರೆ ಅಳಲು ಕೂತರೆ ಬಾಗಿಲು ಬಿಡಬೇಕಾಗುತ್ತಿತ್ತು.

"ಮಂಚ ಒಡೆಯಿರಿ," ಎಂದಳು.

ಎಲ್ಲರೂ ಅವಳ ಮುಖ ನೋಡಿದರು.

"ಒಳಗಿದೆಯಲ್ಲ, ಅದೇ ಮಂಚ. ಒಣಗಿದ ಮರ, ಚೆನ್ನಾಗಿ ಉರಿಯುತ್ತೆ. ಇನ್ನು ನನಗ್ಯಾಕೆ ಅಷ್ಟಗಲ?"

ಯಾರೋ, ಪಾಪ, ತಲೆ ಕೆಟ್ಟಿದೆ ಎಂದರು. ಭಾವ ಮಂಚ ಒಡೆಯುವುದಕ್ಕೂ ಕೊಡಲಿ ಬೇಕಲ್ಲ ಎನ್ನುತ್ತ ಅವಳ ಪಕ್ಕದಿಂದ ನುಸುಳಿ ಹೊರಗೆ ಹೋಗಿಯೇಬಿಟ್ಟ. ಅವಳು ಬಾಗಿಲ ಸಂದಿಯಿಂದ ನೋಡುತ್ತ ನಿಂತಳು.

ಕೆಸರಿನಲ್ಲಿ ಅವನ ಕಾಲು ಜಾರಿತು. ಆಸರೆಗೆಂದು ಒಟ್ಟಿಲಿಗೆ ಕೈ ಕೊಟ್ಟ. ಒಟ್ಟಿಲು ಒಂದು ಸಲ ಉಸಿರೆಳೆದಂತೆ ಒಳಕ್ಕೆ ಕುಸಿದು ನಿಂತಿತು. ಒಂದು ತುಂಡು ಅವನ ಕಾಲ ಬಳಿ ಬಿತ್ತು. ಅವನು ಅದನ್ನೆತ್ತಿಕೊಂಡು ಹಿಂದುಮುಂದು ತಿರುಗಿಸಿದ. ಗೇಣು ಹಾಕಿ ನೋಡಿದ. ಬಾಗಿ ಕಿಂಡಿಯಲ್ಲಿ ಕಣ್ಣಿಟ್ಟ. ಬಹಳ ಹೊತ್ತು ಹಾಗೇ ಬಾಗಿದ್ದ. ಆಮೇಲೆ ತುಂಡನ್ನು ಮತ್ತೆ ಕಿಂಡಿಗೆ ಸೇರಿಸಿ, ಬೆಳಿಗ್ಗೆ ಅವಳು ಮಾಡಿದಂತೆಯೇ ಅಂಗೈಯಿಂದ ತಟ್ಟಿ ಸಮ ಮಾಡಿದ.

ಕೊಡಲಿ ಹಿಡಿದು ಒಳಗೆ ಬಂದವನು ಯಾರ ಮುಖವನ್ನೂ ನೋಡಲಿಲ್ಲ. "ಸೌದೆ ಇನ್ನೂ ಹಸಿ ಇದೆ. ಹಚ್ಚಿದರೆ ಮನೆಯೆಲ್ಲ ಹೊಗೆ," ಎಂದ. ಕೊಡಲಿಯ ಕೆಸರು ಒರೆಸುತ್ತ, "ಏನು ಒಟ್ಟಿದಾನೆ ನನ್ನ ತಮ್ಮ. ಒಂದಿಷ್ಟೂ ಅಲುಗಲ್ಲ," ಎಂದ. ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅವನು ಅಷ್ಟರಲ್ಲಿ ಮಂಚದ ಕಾಲಿಗೆ ಕೊಡಲಿ ಬೀಸಿಯಾಗಿತ್ತು.

*

ಸಂಜೆಗೆ ಮನೆ ಖಾಲಿಯಾಯಿತು. ಹೊರಡುವಾಗ ಭಾವ ಹೊಸಿಲಲ್ಲಿ ನಿಂತು, ಕಷ್ಟವಾದರೆ ಹೇಳಿಕಳಿಸು ಎಂದ. ಅವಳು ತಲೆಯಾಡಿಸಿದಳು. ಮಂಚ ಅರ್ಧ ಉರಿದಿತ್ತು. ಮಿಕ್ಕರ್ಧ ಹೆಚ್ಚೆಂದರೆ ಇನ್ನೊಂದು ದಿನಕ್ಕೆ ಬರುತ್ತಿತ್ತು. ಅದರಾಚೆಗೆ ಚಳಿಗಾಲ ಇಡೀ ಬಾಯಿ ತೆರೆದು ಕೂತಿತ್ತು. ಅವಳು ಕೊಡಲಿ ಎತ್ತಿಕೊಂಡು ಹಿತ್ತಿಲಿಗೆ ನಡೆದಳು.

ಒಟ್ಟಿಲ ಪಕ್ಕ ಒಂದು ಕೊರಡು ನೆಟ್ಟಗೆ ನಿಂತಿತ್ತು. ಗಂಟುಗಳಿಲ್ಲದ, ಮೊದಲಾಗಿದ್ದರೆ ಅವನು ಒಂದೇ ಏಟಿಗೆ ಎರಡಾಗಿಸುತ್ತಿದ್ದ ಕೊರಡು. ಅದರ ನೆತ್ತಿಯ ತುಂಬ ಕಚ್ಚುಗಳು. ಒಂದರ ಮೇಲೊಂದು, ಅಡ್ಡ, ಉದ್ದ, ಬೆರಳಿಡಲು ಜಾಗವಿಲ್ಲ. ಯಾವುದೂ ಉಗುರಿಗಿಂತ ಆಳವಿರಲಿಲ್ಲ. ತಾನು ಒಳಗೆ ಕೂತು ಕೇಳಿದ ಮಧ್ಯಾಹ್ನಗಳೆಲ್ಲ ಇವೇ.

ಅವಳು ಸೆರಗು ಸಿಕ್ಕಿಸಿಕೊಂಡು, ಇದ್ದಬದ್ದ ಶಕ್ತಿ ಒಟ್ಟುಗೂಡಿಸಿ, ಕೊಡಲಿ ಎತ್ತಿ ಹಾಕಿದಳು. ಠಕ್ ಎಂದಿತು. ಕೊಡಲಿ ಪುಟಿದು ಪಕ್ಕಕ್ಕೆ ಬಿತ್ತು. ಅವಳು ಬಗ್ಗಿ, ಬೆಳಕು ಇರುವವರೆಗೂ ಹುಡುಕಿದಳು. ಅಷ್ಟು ಕಚ್ಚುಗಳಲ್ಲಿ ತನ್ನದು ಯಾವುದೆಂದು ಗೊತ್ತಾಗಲಿಲ್ಲ.